ಎಡಕ್ಕೇ ತಿರುಗುತ್ತಿದ್ದ ವಿಮಾನಗಳು

ನಾನು ಏನು ಕೆಲಸ ಮಾಡುತ್ತೇನೆ ಎಂಬುದು ನಮ್ಮವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ನಮ್ಮೂರು ತಾಳ್ಯದಲ್ಲಿ ಯಾರಾದರೂ ಕೇಳಿದರೆ, "ದುರ್ಗದಾಗೆ ಆಫೀಸು, ಗೌರ್ಮೆಂಟ್ ಕೆಲಸ" ಎಂದು ಮಾತು ಮುಗಿಸುತ್ತಿದ್ದಳು. ಕೇಳಿದವರು ಅಷ್ಟಕ್ಕೇ ಬಿಡದಿದ್ದರೆ, "ಅದೇನೋ ಸದ್ದು ಅಳೀತಾಳಂತೆ ಕಣಮ್ಮ" ಎಂದು ತಾನೇ ಮೊದಲು ನಗುತ್ತಿದ್ದಳು. ಹಾಲು ಅಳೆಯುವವರನ್ನು ಕಂಡಿದ್ದಳು, ಹೊಲ ಅಳೆಯುವವರನ್ನು ಕಂಡಿದ್ದಳು. ಸದ್ದನ್ನು ಅಳೆದು ಯಾರಿಗೇನು ಸಿಗುತ್ತದೆ ಎಂಬುದು ಅವಳ ಪ್ರಶ್ನೆ. ಮೊದಮೊದಲು ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಮೊನ್ನೆ ನಮ್ಮ ಹಳೇ ಆಫೀಸಿಗೆ, ಅದೇ ಮಾಲಿನ್ಯ ತಡೆಯುವ ಇಲಾಖೆಗೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಮೇಡಂ, ಫೀಲ್ಡಿಗೆ ಹೋದಾಗ ಏನೇನು ನೆನಪಿಟ್ಟುಕೊಳ್ಳಬೇಕು, ಸ್ವಲ್ಪ ಹೇಳಿ" ಎಂದಳು. ಆಗ ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಕಾಫಿ ಕುಡಿಸಿ, ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ ಮಗಳೇ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಹೇಳಬೇಕಾದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಪುರಾಣ ಇಲ್ಲಿ ಬೇಡ. ಅದು ಎಲ್ಲ ಆಫೀಸಿನಲ್ಲೂ ಇದ್ದದ್ದೇ.

ನಾನು ಸೇರಿದಾಗ ನಮ್ಮಲ್ಲಿದ್ದದ್ದು ಮುಳ್ಳಿನ ಮೀಟರು. ಒಬ್ಬರು ಮುಳ್ಳು ಎಲ್ಲಿದೆ ಎಂದು ನೋಡಿ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಕೂಗುವವರ ಸದ್ದು ಮೀಟರಿಗೆ ಬೀಳಬಾರದು. ಅದಕ್ಕೆ ಬೆರಳಲ್ಲಿ ಸನ್ನೆ ಮಾಡುತ್ತಿದ್ದೆವು. ನೋಡಿದವರಿಗೆ ನಾವು ಇಬ್ಬರು ಮೂಗರು ಜಗಳವಾಡುತ್ತಿರುವಂತೆ ಕಾಣುತ್ತಿತ್ತು.

ಹೊಳಲ್ಕೆರೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಪಕ್ಕದ ಮನೆಯವರು ದೂರು ಕೊಟ್ಟಿದ್ದರು. ನಮ್ಮ ಜೀಪು ತಿರುವಿನಲ್ಲಿ ಕಂಡದ್ದೇ ತಡ, ಗಿರಣಿ ನಿಂತಿತು. "ಕರೆಂಟಿಲ್ಲ ಮೇಡಮ್ಮೋರೆ, ಈಗ ತಾನೇ ಹೋತು" ಎಂದ ಮಾಲೀಕ. ಅವನ ತಲೆಯ ಮೇಲೆ ಬಲ್ಬು ಜಗಜಗ ಉರಿಯುತ್ತಿತ್ತು. ನಾವೂ ಹಟ ಹಿಡಿದು ಕೂತೆವು. ರಾಗಿ, ಜೋಳದ ಡಬ್ಬ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದ ಹೆಂಗಸರು ಸ್ವಲ್ಪ ಹೊತ್ತು ತಡೆದರು. ಆಮೇಲೆ ಶುರುವಾಯಿತು ನೋಡಿ! "ಲೇ, ಕರೆಂಟಿಲ್ದೆ ನಿಮ್ಮಪ್ಪ ಬಂದು ದೀಪ ಹಚ್ಚವ್ನಾ?" ಎಂದು ಒಬ್ಬಳು ಆರಂಭಿಸಿದ್ದೇ ಉಳಿದವರೆಲ್ಲ ಸೇರಿಕೊಂಡರು. ಮೀಟರಿನ ಮುಳ್ಳು ತುದಿಗೆ ಹೋಗಿ ಅಲ್ಲೇ ನಿಂತಿತು. ನನ್ನ ಜೊತೆಗಿದ್ದವರು ಬಲು ಪ್ರಾಮಾಣಿಕರು, ಅದನ್ನೂ ಬರೆದುಕೊಂಡರು.

ಆಫೀಸಿನಲ್ಲಿ ಶಿವಮೂರ್ತಿ ಸಾಹೇಬರು ಕನ್ನಡಕ ಹಣೆಗೇರಿಸಿ ಕೇಳಿದರು: "ಗಿರಿಜಮ್ಮ, ಗಿರಣಿ ನಿಂತಾಗ ಇಷ್ಟು ಸದ್ದು ಹೆಂಗ್ರಿ ಬಂತು?"

"ಹೊಳಲ್ಕೆರೆ ಹೆಣ್ಣುಮಕ್ಕಳು ಸಾರ್" ಎಂದೆ.

ಅವರು ನಗಲಿಲ್ಲ. ಅದನ್ನು ಯಾವ ಕಾಲಂನಲ್ಲಿ ತುಂಬಬೇಕು ಎಂದು ಯೋಚಿಸುತ್ತಿದ್ದರು. ಶಿವಮೂರ್ತಿ ಸಾಹೇಬರು ಕೆಟ್ಟವರಲ್ಲ, ಒಂದು ಲೋಟ ಟೀ ಕೂಡ ಯಾರ ಹತ್ತಿರವೂ ಬಿಟ್ಟಿ ಕುಡಿದವರಲ್ಲ. ಆದರೆ ಲೋಕದಲ್ಲಿ ಆಗುವುದೆಲ್ಲ ಯಾವುದಾದರೂ ಒಂದು ಕಾಲಂನಲ್ಲಿ ಕೂರಲೇಬೇಕು ಎಂಬುದು ಅವರ ನಂಬಿಕೆ. ವಸತಿ ಪ್ರದೇಶ, ವಾಣಿಜ್ಯ ಪ್ರದೇಶ, ಕೈಗಾರಿಕೆ, ಆಸ್ಪತ್ರೆಯ ಸುತ್ತಮುತ್ತ. ಅಲ್ಲಿಗೆ ಅವರ ಪ್ರಪಂಚ ಮುಗಿಯಿತು. ಅವರ ಕೈಕೆಳಗೆ ನಾನು ಬಹಳ ವರ್ಷ ಕೆಲಸ ಮಾಡಿದೆ, ಬೈಸಿಕೊಂಡೆ, ತಿರುಗಿಸಿ ಅಂದೂ ಇದ್ದೇನೆ.

ಆಮೇಲೆ ಹೊಸ ಮೀಟರು ಬಂತು. ಮುಳ್ಳಿಲ್ಲ, ಅಂಕಿ ತೋರಿಸುತ್ತದೆ, ತಾನೇ ನೆನಪಿಟ್ಟುಕೊಳ್ಳುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಳಿಯ ಸದ್ದು ಬೀಳದಂತೆ ಅದರ ತುದಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ, ಬಟನ್ ಒತ್ತಿ ಬಂದರಾಯಿತು. ಮರುದಿನ ಹೋಗಿ ಎತ್ತಿಕೊಂಡು ಬಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಇಡೀ ದಿನದ ಸದ್ದು ಬೆಟ್ಟಸಾಲಿನಂತೆ ಗೀಚಿಕೊಂಡು ಬರುತ್ತದೆ. ಎಂಥ ಸುಖ ಅಂದುಕೊಂಡೆವು. ಅಲ್ಲಿಯವರೆಗೆ ಯಂತ್ರದ ಜೊತೆ ನಾವೂ ಇರುತ್ತಿದ್ದೆವು. ಯಾವ ಸದ್ದು ಲಾರಿಯದು, ಯಾವುದು ಕೋಳಿಯದು ಎಂದು ಗೊತ್ತಿರುತ್ತಿತ್ತು. ಹೊಸ ಮೀಟರು ಬಂದ ಮೇಲೆ ಅದೊಂದನ್ನೇ ಬಿಟ್ಟು ಬರುವುದು ರೂಢಿಯಾಯಿತು. ಆ ರೂಢಿಯಿಂದ ಆದ ಒಂದು ಫಜೀತಿಯನ್ನೇ ಮುಖ್ಯವಾಗಿ ಹೇಳಬೇಕೆಂದು ಹೊರಟದ್ದು.

ನನ್ನ ನಿವೃತ್ತಿಗೆ ಇನ್ನೇನು ಸ್ವಲ್ಪ ಕಾಲವಿತ್ತು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆ, ಕುರಿ ಮೇಯುವ ಕಾವಲಿನ ಪಕ್ಕದಲ್ಲಿ, ವಿಮಾನ ಹಾರಿಸುವುದನ್ನು ಕಲಿಸುವ ಖಾಸಗಿ ಶಾಲೆಯೊಂದು ಬಂತು. ಹೆಸರು ಬೇಡ ಬಿಡಿ. ಬಂದಾಗ ಜನ ಟ್ರ್ಯಾಕ್ಟರು ಮಾಡಿಕೊಂಡು ಹೋಗಿ ನೋಡಿದರು. "ನಮ್ಮೂರಿಗೆ ಬಸ್ಸು ಬರೋಕ್ ಮುಂಚೆ ಇಮಾನ ಬಂತಲ್ಲಪ್ಪಾ!" ಎಂದು ತಮಾಷೆ ಮಾಡಿದರು. ಕೆಲವು ತಿಂಗಳಲ್ಲಿ ತಮಾಷೆ ಮುಗಿಯಿತು. ಒಂದು ಪುಟ್ಟ ವಿಮಾನ ಏರುತ್ತದೆ, ಎಡಕ್ಕೆ ತಿರುಗುತ್ತದೆ, ಕಾವಲಿನ ಮೇಲೆ ಸುತ್ತು ಹಾಕಿ ಇಳಿಯುತ್ತದೆ, ಚಕ್ರ ನೆಲಕ್ಕೆ ತಾಗಿತೋ ಇಲ್ಲವೋ ಮತ್ತೆ ಏರುತ್ತದೆ. ಅದರ ಬೆನ್ನಿಗೇ ಇನ್ನೊಂದು. ಬೆಳಗಿನಿಂದ ಸಂಜೆಯವರೆಗೆ ಇದೇ. ಇದರ ಮೇಲೆ ಇನ್ನಷ್ಟು ವಿಮಾನ ತರುತ್ತೇವೆ ಎಂದು ಶಾಲೆಯವರು ಅರ್ಜಿ ಹಾಕಿದರು. ಆಗ ಜನ ಎದ್ದು ನಿಂತರು.

ಎದ್ದವರಲ್ಲಿ ಮೊದಲಿಗರು ಹಿರಿಯೂರಿನ ಸುಮಂಗಲ ಟೀಚರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರ ತಕರಾರು ಸದ್ದಿಗಿಂತ ಹೊಗೆಯದು. "ಹೊಗೆ ಕಮ್ಮಿ ಆಗ್ಲಿ ಅಂತ ನಮ್ಮ ಜಿಲ್ಲೆ ಗುಡ್ಡದ ಮೇಲೆಲ್ಲ ಕರೆಂಟಿನ ಗಾಳಿ ಫ್ಯಾನು ನೆಟ್ಟಿರಿ. ಈಗ ಅದೇ ಗುಡ್ಡದ ಬುಡದಾಗೆ ದಿನವಿಡೀ ಎಣ್ಣೆ ಸುಡ್ತೀರಿ. ಭೂಮಿ ಬಿಸಿಯಾಗ್ತಾ ಐತೆ ಅಂತ ಮಕ್ಕಳಿಗೆ ಪಾಠ ಮಾಡಿದೋಳು ನಾನು, ಸುಮ್ನೆ ಕೂರ್ಲಾ?" ಎಂದು ನಮ್ಮ ಆಫೀಸಿನಲ್ಲೇ ಗದರಿದರು. ಸಾಹೇಬರು ಎದ್ದು ನಿಂತು ಕೇಳಿಸಿಕೊಂಡರು, ಹೈಸ್ಕೂಲು ಹುಡುಗನ ಹಾಗೆ.

ಎರಡನೆಯವರು ರಂಗಜ್ಜ ಮತ್ತು ಅವನ ಹೆಂಡತಿ ಲಕ್ಕಮ್ಮ. ಕಾವಲಿನಲ್ಲೇ ಮುಳ್ಳು ಬೇಲಿ ಕಟ್ಟಿ ಕುರಿ ರೊಪ್ಪ ಹಾಕಿಕೊಂಡಿದ್ದವರು, ತಲೆಮಾರುಗಳಿಂದ ಕುರಿ ಕಾಯುವವರು. ಇಬ್ಬರೂ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದು ನಮ್ಮ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು.

"ಒಳಗೆ ಬರ್ರಿ ಅಜ್ಜ, ಕುಂತ್ಕಳ್ರಿ" ಎಂದೆ.

ರಂಗಜ್ಜ ಕೂರಲಿಲ್ಲ. "ಕುರಿ ಕಂದು ಹಾಕ್ತಾ ಅವೆ ಕಣಮ್ಮ, ದಿನ ತುಂಬೋಕ್ ಮುಂಚೆ. ಇಮಾನ ತಲೆ ಮ್ಯಾಲೆ ಬಂದೇಟಿಗೆ ಬೆದರ್ತವೆ, ಕಣ್ಣು ಕಾಣ್ದಂಗೆ ಓಡ್ತವೆ. ಗಬ್ಬದ ಕುರಿ ಹಂಗೆ ಓಡಬಾರ್ದು. ಹೋದ ಸಲ ಎಷ್ಟೋ ಮರಿ ಕಣ್ಣು ಬಿಡ್ಲೇ ಇಲ್ಲ" ಎಂದ.

"ದನದ ಆಸ್ಪತ್ರೆಗೆ ತೋರಿಸಿದ್ರಾ?" ಎಂದು ಸಾಹೇಬರು ಕೇಳಿದರು.

"ತೋರ್ಸಿದ್ವಿ ಸಾಮಿ. ರಕ್ತ ತಗಂಡು ನೋಡಿದ್ರು. ಕಾಯಿಲೆ ಏನೂ ಇಲ್ಲ, ಸದ್ದಿನ ಆಫೀಸಿಗೆ ಹೋಗ್ರಿ ಅಂದ್ರು."

ಸಾಹೇಬರು ನಿಯಮದ ಪುಸ್ತಕ ತೆರೆದು ಹಿಂದೆ ಮುಂದೆ ತಿರುವಿದರು. "ಮನುಷ್ಯರಿಗೆ ಐತೆ. ಕುರಿಗೆ ಕಾಲಂ ಇಲ್ಲವಲ್ರೀ" ಎಂದರು.

"ಇಲ್ದಿದ್ರೆ ಹಾಕ್ಕಳ್ರಿ ಸಾಮಿ, ಹಾಳೆನಾಗೆ ಇನ್ನೂ ಜಾಗ ಐತಲ್ಲ" ಎಂದ ರಂಗಜ್ಜ, ಬಗ್ಗಿ ನೋಡಿ.

ನಾನು ಮುಖ ತಿರುಗಿಸಿ ನಕ್ಕೆ. ಆದರೆ ಲಕ್ಕಮ್ಮ ಮುಂದೆ ಹೇಳಿದ್ದು ಕೇಳಿ ನಗು ಹೋಯಿತು. ಈ ಸಲವೂ ಹೀಗೇ ಆದರೆ ಇಡೀ ಮಂದೆಯನ್ನು ಹಿರಿಯೂರಿನ ಕುರಿ ವ್ಯಾಪಾರಿ ಖಾದರ್ ಸಾಬರಿಗೆ ಕೊಟ್ಟುಬಿಡುವುದು ಎಂದು ಮಾತಾಗಿತ್ತು. ಕುರಿಗಳು ಈಯುವ ಕಾಲಕ್ಕೆ ಸಾಬರು ಗಾಡಿ ತರುವವರಿದ್ದರು. "ಹೊಟ್ಯಾಗಿನ ಮರಿ ಸಾಯೋದು ನೋಡ್ಕಂಡು ಕುಂದ್ರಾಕೆ ನನ್ನ ಕೈಲಾಗಲ್ಲಮ್ಮ, ಹೆಂಗಸಲ್ವಾ ನಾನು" ಎಂದಳು. ರಂಗಜ್ಜ ಕಂಬಳಿಯ ಅಂಚನ್ನು ಹಿಂಡುತ್ತಾ, "ನಾನು ನಡೆಯೋದು ಕಲ್ತಿದ್ದೇ ಕುರಿ ಹಿಂದೆ. ಅವು ಹೋದ್ರೆ ಬೆಳಿಗ್ಗೆ ಎದ್ದು ಯಾವ ಕಡಿಗೆ ನಡೀಲಿ?" ಎಂದ. ಸಾಹೇಬರು ಪುಸ್ತಕ ಮುಚ್ಚಿದರು. "ಹೋಗಿ ಅಳೆದುಕೊಂಡು ಬನ್ರಿ ಗಿರಿಜಮ್ಮ" ಎಂದರು.

ಕಾವಲಿಗೆ ಹೋದೆ. ರೊಪ್ಪದ ಪಕ್ಕದಲ್ಲಿ ಸ್ಟ್ಯಾಂಡು ನೆಟ್ಟು, ಮೀಟರು ಕೂರಿಸಿ, ಟೊಪ್ಪಿಗೆ ಹಾಕಿ, ಗಂಡಹೆಂಡತಿ ಇಬ್ಬರನ್ನೂ ಕರೆದು, "ಇದನ್ನು ಕುರಿ ಗುದ್ದಬಾರದು, ನಾಯಿ ಮೂಸಬಾರದು, ಜೋಪಾನ" ಎಂದು ಹೇಳಿ ಬಂದೆ. ಆವತ್ತು ಗಾಳಿ ಜೋರಿತ್ತು, ಮೋಡವೂ ಕವಿದಿತ್ತು. ಮರುದಿನ ಹೋದಾಗ ಬಿಸಿಲು ಬಂದಿತ್ತು. ಮೀಟರು ಇಟ್ಟಲ್ಲೇ ಇತ್ತು, ಒಂದು ಧೂಳಿನ ಕಣವೂ ಕೂತಿರಲಿಲ್ಲ. "ಏನೂ ಆಗಿಲ್ಲ, ಮಗೀನಂಗೆ ನೋಡ್ಕಂಡೀವಿ" ಎಂದಳು ಲಕ್ಕಮ್ಮ. ಒಳ್ಳೆಯದಾಯಿತು ಎಂದು ಎತ್ತಿಕೊಂಡು ಬಂದೆ.

ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ, ನಾನೇ ಅಲ್ಲಿದ್ದ ಎರಡು ತುದಿ ಬಿಟ್ಟರೆ ಬೆಟ್ಟಸಾಲೇ ಇಲ್ಲ. ಬಯಲು ಸೀಮೆ! ವಿಮಾನ ಹೋದ ಹೊತ್ತಿನಲ್ಲಿ ಚಿಕ್ಕ ಚಿಕ್ಕ ದಿಬ್ಬ, ಅಷ್ಟೆ. ಯಾರೋ ಪಿಸುಗುಟ್ಟಿದ ಹಾಗೆ. ಸಾಹೇಬರಿಗೆ ಬಹಳ ಸಮಾಧಾನವಾಯಿತು. ಎಲ್ಲ ಕಾಲಂ ಸಲೀಸಾಗಿ ತುಂಬುತ್ತಿದ್ದವು. "ದೂರಿನಲ್ಲಿ ಹುರುಳಿಲ್ಲ ಅಂತ ಬರೀರಿ" ಎಂದರು.

ನಾನು ಗೆರೆಯನ್ನೇ ನೋಡುತ್ತಾ ಕೂತೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಳೆಯಿತು.

"ಸಾರ್, ನಾನು ಬಿಟ್ಟು ಬಂದ ಮೇಲೆ ಇದರಲ್ಲಿ ನಾಯಿ ಬೊಗಳಿದ್ದೇ ಇಲ್ಲ."

"ಏನ್ರಿ?"

"ರೊಪ್ಪದಲ್ಲಿ ಎರಡು ನಾಯಿ ಇವೆ. ನಾನು ಹೋದರೂ ಬೊಗಳ್ತವೆ, ಬಂದರೂ ಬೊಗಳ್ತವೆ. ಒಂದು ಇಡೀ ದಿನ ನಾಯಿ ಬೊಗಳದ ಕುರಿ ರೊಪ್ಪ ಎಲ್ಲಾದರೂ ಉಂಟಾ?"

"ಒಳ್ಳೇ ನಾಯಿ ಇರಬೇಕು ಬಿಡ್ರಿ" ಎಂದರು ಸಾಹೇಬರು.

ನನಗೆ ರೇಗಿತು. ಸಹಿ ಹಾಕಬೇಡಿ ಎಂದು ಹೇಳಿ ಮರುದಿನವೇ ಹೊಸದುರ್ಗದ ಬಸ್ಸು ಹತ್ತಿದೆ. ಕಾವಲಿಗೆ ಹೋಗಿ, ನಾಯಿಗಳ ಕೈಲಿ ಬೊಗಳಿಸಿಕೊಂಡು, ಲಕ್ಕಮ್ಮನನ್ನು ಕೇಳಿದೆ: "ನಿಜ ಹೇಳು ತಾಯಿ, ಆವತ್ತು ಆ ಯಂತ್ರಕ್ಕೆ ಏನು ಮಾಡಿದ್ರಿ?"

ಅವಳ ಮುಖ ಅರಳಿತು. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದ ಹಾಗಿತ್ತು. "ನೀವು ಅತ್ಲಾಗ್ ಹೋದ್ರಿ, ಇತ್ಲಾಗ್ ಗಾಳಿ ಇನ್ನೂ ಜೋರಾತು ನೋಡ್ರಿ. ತುಂತುರು ಬ್ಯಾರೆ. ಅದು ಪಾಪ, ಬಯಲಾಗೆ ಸಣ್ಣ ಕಾಲಿನ ಮ್ಯಾಲೆ ನಡುಗ್ತಾ ನಿಂತೈತೆ. ತಲೆಗೊಂದು ಟೊಪ್ಪಿಗೆ ಬಿಟ್ರೆ ಮೈಮ್ಯಾಲೆ ಏನಿಲ್ಲ. ನಂಗೆ ಕರುಳು ಚುರುಕ್ ಅಂತು. ಪೆಟ್ಟಿಗೆಯಾಗಿದ್ದ ಹೊಸ ಕಂಬಳಿ ತೆಗೆದು ಸುತ್ತಿದೆ. ಸಾಲಲ್ಲ ಅಂತ ಇವ್ರು ತಮ್ಮ ಕಂಬಳೀನೂ ಹೊದ್ಸಿ ಹಗ್ಗ ಕಟ್ಟಿದ್ರು. ಬೆಳಿಗ್ಗೆ ಬಿಸ್ಲು ಬಂದ್ ಮ್ಯಾಲೆನೇ ಬಿಚ್ಚಿದ್ದು. ಆಗ ಹುಟ್ಟಿದ ಮರೀನೂ ಅಷ್ಟು ಬೆಚ್ಚಗೆ ಇಡಲ್ಲ ನಾವು."

ಅಯ್ಯೋ ದೇವರೇ! ನಾನು ಕಲ್ಲಿನ ಮೇಲೆ ಕೂತು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವರೂ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಆಮೇಲೆ ವಿವರಿಸಿ ಹೇಳಲೇಬೇಕಾಯಿತು. ಆ ಯಂತ್ರ ಕಿವಿ ಇದ್ದ ಹಾಗೆ, ಅದಕ್ಕೆ ಎರಡೆರಡು ಕಂಬಳಿ ಸುತ್ತಿದರೆ ಏನು ಕೇಳಿಸೀತು ಎಂದೆ. ಲಕ್ಕಮ್ಮನ ಮುಖ ಕಪ್ಪಿಟ್ಟಿತು. ರಂಗಜ್ಜ ನನ್ನೆದುರು ನೆಲದ ಮೇಲೆ ಕೂತು ಕೇಳಿದ.

"ಅಂದ್ರೆ ನಮ್ಮ ಕುರಿ ಕುತ್ತಿಗೇನ ನಾವೇ ಹಿಸುಕಿದ್ವಾ ಅಕ್ಕೋರೆ?"

"ಸುಮ್ಮನಿರು ಅಜ್ಜ, ಇನ್ನೂ ಸಹಿ ಆಗಿಲ್ಲ" ಎಂದೆ. ಹೇಳುವುದೇನೋ ಹೇಳಿದೆ, ಬಸ್ಸಿನಲ್ಲಿ ಬರುವಾಗ ದಿನ ಎಣಿಸುತ್ತಾ ಕೂತೆ. ಕುರಿ ಈಯುವ ಕಾಲ ದೂರವಿರಲಿಲ್ಲ.

ಸಾಹೇಬರು ಕತೆ ಕೇಳಿ ತಲೆ ಮೇಲೆ ಕೈ ಹೊತ್ತುಕೊಂಡರು. "ಯಂತ್ರಕ್ಕೆ ಕಂಬಳಿ ಹೊದಿಸಿದ್ದರಿಂದ ಅಳತೆ ರದ್ದು ಅಂತ ಬೆಂಗಳೂರಿಗೆ ಹೆಂಗ್ರಿ ಬರೀಲಿ? ಅವರು ನನ್ನನ್ನ ಏನಂತ ತಿಳ್ಕೊಂಡಾರು?" ಎಂದರು. ನಾನು ಜಗ್ಗಲಿಲ್ಲ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಜವಾನ ಬಾಗಿಲು ಮುಚ್ಚಿಕೊಂಡು ಹೋದ. ಕೊನೆಗೆ ಸಾಹೇಬರೇ ಒಂದು ದಾರಿ ಹುಡುಕಿದರು. ಇನ್ನೊಮ್ಮೆ ಅಳೆಯೋಣ, ಆದರೆ ವಿಮಾನ ಶಾಲೆಯ ಕಡೆಯವರೂ ಅಲ್ಲಿ ಹಾಜರಿರಲಿ, ನಾಳೆ ಯಾರೂ ಬೆರಳು ತೋರಿಸಬಾರದು ಎಂದರು. "ಈ ಸಲ ಯಂತ್ರ ಬಿಟ್ಟು ಬರಬೇಡ್ರಿ. ಹಳೇ ಕಾಲದ ಹಾಗೆ ಪಕ್ಕದಲ್ಲೇ ಕೂರ್ರಿ" ಎಂದು ಸೇರಿಸಿದರು. ಅವರು ಹೇಳಿದ ಅತ್ಯಂತ ಒಳ್ಳೆಯ ಮಾತು ಅದು, ನೀವೂ ನೆನಪಿಡಿ.

ಮತ್ತೆ ಅಳೆಯುವ ದಿನ ಬೆಳಿಗ್ಗೆ ಕಾವಲಿಗೆ ವಿಮಾನ ಶಾಲೆಯ ಹಿರಿಯ ಗುರುಗಳೇ ಬಂದರು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಮೈಸೂರು ಕಡೆಯವರು, ಬಿಳಿ ಅಂಗಿ, ಸೊಂಟದಲ್ಲಿ ಕೈ ವೈರ್‌ಲೆಸ್ಸು. ಹಿರಿಯೂರಿನಿಂದ ಸುಮಂಗಲ ಟೀಚರೂ ಕೊಡೆ ಹಿಡಿದು ಬಂದರು. ಲಕ್ಕಮ್ಮ ಚಾಪೆ ಹಾಸಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು, ಮೀಟರಿನ ಹತ್ತಿರ ಮಾತ್ರ ಸುಳಿಯಲಿಲ್ಲ. ರಂಗಜ್ಜ ಮಂದೆಯನ್ನು ಹಳ್ಳದ ಕಡೆ ಮೇಯಲು ಹೊಡೆದುಕೊಂಡು ಹೋಗಿದ್ದ.

ವಿಮಾನಗಳು ಶುರುವಾದವು. ಲಕ್ಕಮ್ಮ ತಲೆಯೆತ್ತಿ ನೋಡಿ ಕೇಳಿದಳು: "ಇದು ಯಾವೂರಿಗೆ ಹೋಗ್ತೈತೆ ಸಾಮಿ?"

"ಯಾವೂರಿಗೂ ಇಲ್ಲಮ್ಮ. ಸುತ್ತಿ ಬಂದು ಇಲ್ಲೇ ಇಳಿಯುತ್ತೆ" ಎಂದರು ಕ್ಯಾಪ್ಟನ್.

"ದಿನಾಲೂ?"

"ದಿನಾಲೂ."

"ಎಣ್ಣೆ ಸುಟ್ಕಂಡು?"

ಸುಮಂಗಲ ಟೀಚರಿಗೆ ಹಬ್ಬವಾಯಿತು. "ನಾನೂ ಅದನ್ನೇ ಕೇಳ್ತಿರೋದು, ಹೇಳ್ರಿ ಈಗ" ಎಂದರು. ಕ್ಯಾಪ್ಟನ್ ಕೋಪ ಮಾಡಿಕೊಳ್ಳಲಿಲ್ಲ. ಇಳಿಸುವುದನ್ನು ಚೆನ್ನಾಗಿ ಕಲಿಯದ ಹುಡುಗನ ವಿಮಾನದಲ್ಲಿ ನಾಳೆ ನೀವು ಕೂರುತ್ತೀರಾ ಟೀಚರ್ ಎಂದು ಕೇಳಿದರು. ಆ ಪ್ರಶ್ನೆಯೂ ಸರಿಯಾದದ್ದೇ. ಕೋಣೆಯಲ್ಲೇ ಕೂತು ಹಾರಿಸಿ ಕಲಿಯುವ ಯಂತ್ರ ಬಂದಿದೆಯಂತಲ್ಲ, ಹೊಗೆಯಿಲ್ಲ, ಸದ್ದಿಲ್ಲ, ಅದನ್ನೇಕೆ ತರಿಸುವುದಿಲ್ಲ ಎಂದು ಟೀಚರು ಪಟ್ಟು ಹಿಡಿದರು. ಕ್ಯಾಪ್ಟನ್ ಇನ್ನೊಂದು ಲೋಟ ಮಜ್ಜಿಗೆ ಕೇಳಿದರು.

ನಾನು ಮಾತಿಗೆ ಸೇರಲಿಲ್ಲ, ಅಂಕಿ ನೋಡುತ್ತಿದ್ದೆ. ವಿಮಾನ ಮೇಲೆ ಬಂದಾಗ ಅಂಕಿ ಜಿಗಿಯುತ್ತಿತ್ತು, ಸರಿ. ಆದರೆ ನಿಯಮ ಕೇಳುವುದು ಇಡೀ ಹಗಲಿನ ಸರಾಸರಿಯನ್ನು. ವಿಮಾನ ಮೊರೆದು ಹೋಗುವುದು ಸ್ವಲ್ಪ ಹೊತ್ತು, ಆಮೇಲೆ ಕಾವಲಿನ ಮೌನ. ಎರಡನ್ನೂ ಕಲಸಿದರೆ ನೀರು ಮಜ್ಜಿಗೆ. ಮಧ್ಯಾಹ್ನದ ಹೊತ್ತಿಗೆ ನನಗೆ ಗೊತ್ತಾಯಿತು, ಕಂಬಳಿ ಇಲ್ಲದಿದ್ದರೂ ಲೆಕ್ಕ ಮಿತಿಯೊಳಗೇ ಬರುತ್ತದೆ ಎಂದು. ಕುರಿ ಸರಾಸರಿಗೆ ಬೆದರುವುದಿಲ್ಲ, ಆದರೆ ಅದನ್ನು ಯಾವ ಸಾಹೇಬರಿಗೆ ಹೇಳಲಿ? ಇಷ್ಟು ವರ್ಷ ಅಳೆದದ್ದೆಲ್ಲ ವ್ಯರ್ಥ ಅನ್ನಿಸಿತು. ಲಕ್ಕಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ರಂಗಜ್ಜ ಮಂದೆಯನ್ನು ರೊಪ್ಪದ ತೊಟ್ಟಿಯಲ್ಲಿ ನೀರು ಕುಡಿಸಲು ಮೇಲಕ್ಕೆ ತಂದ. ಹೊಟ್ಟೆ ತುಂಬಿದ ಕುರಿಗಳು ನಿಧಾನಕ್ಕೆ ಬಂದು ತೊಟ್ಟಿಯ ಸುತ್ತ ಸೇರಿದವು. ಕಲಿಯುವ ಹುಡುಗ ಯಾರೋ, ತುಸು ಕೆಳಗೇ ತಿರುಗಿಸಿಕೊಂಡು ಬಂದ. ವಿಮಾನದ ನೆರಳು ತೊಟ್ಟಿಯ ಮೇಲೆ ಹಾದದ್ದಷ್ಟೇ, ಇಡೀ ಮಂದೆ ಒಂದೇ ಏಟಿಗೆ ನಮ್ಮ ಕಡೆ ನುಗ್ಗಿತು. ಚಾಪೆ, ಲೋಟ, ಟೀಚರ ಕೊಡೆ ಎಲ್ಲ ಚೆಲ್ಲಾಪಿಲ್ಲಿ. ನಾನು ಮೀಟರನ್ನು ತಬ್ಬಿಕೊಂಡು ನಿಂತೆ. ತುಂಬು ಗಬ್ಬದ ಕುರಿಯೊಂದು ಓಡಲಾರದೆ ಓಡಿ ಜಾಲಿ ಮುಳ್ಳಿನ ಬೇಲಿಗೆ ಬಿತ್ತು.

ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಿದ್ದು ಕ್ಯಾಪ್ಟನ್. ಅಂಗಿ ಹರಿದರೂ ಲೆಕ್ಕಿಸದೆ ಬೇಲಿಯೊಳಗೆ ಕೈ ಹಾಕಿ ಕುರಿಯನ್ನು ಹಿಡಿದರು. ರಂಗಜ್ಜ ಬಂದು ಮುಳ್ಳು ಬಿಡಿಸಿದ. ಇಬ್ಬರೂ ಸೇರಿ ಅದನ್ನು ಹೊರಗೆ ತಂದು ಮಲಗಿಸಿದರು. ಕುರಿ ಗಡಗಡ ನಡುಗುತ್ತಿತ್ತು. ರಂಗಜ್ಜ ಕ್ಯಾಪ್ಟನರ ಕೈ ಹಿಡಿದು ಅದರ ಹೊಟ್ಟೆಯ ಮೇಲೆ ಇಟ್ಟ.

"ಒದೀತೈತಾ?" ಎಂದು ಲಕ್ಕಮ್ಮ ಕೂಗಿ ಕೇಳಿದಳು.

"ಒದೀತಿದೆಯಮ್ಮ" ಎಂದರು ಕ್ಯಾಪ್ಟನ್. ಅವರ ದನಿ ಬೇರೆಯಾಗಿತ್ತು.

ಆ ಕಡೆಯಿಂದ ಮುಂದಿನ ವಿಮಾನದ ಸದ್ದು ಏಳುತ್ತಿತ್ತು. ಕ್ಯಾಪ್ಟನ್ ಒಂದು ಕೈಯನ್ನು ಕುರಿಯ ಮೇಲೇ ಇಟ್ಟುಕೊಂಡು, ಇನ್ನೊಂದರಲ್ಲಿ ವೈರ್‌ಲೆಸ್ಸು ಎತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆ ಕಡೆಯವರು ಏನೋ ಕೇಳಿದರು. ಇವರು ಇನ್ನೊಮ್ಮೆ, ಸ್ವಲ್ಪ ಗದರಿ ಹೇಳಿದರು. ನಾವೆಲ್ಲ ಮೇಲೆ ನೋಡಿದೆವು. ವಿಮಾನ ಏರಿತು, ಒಂದು ಗಳಿಗೆ ನೆಟ್ಟಗೆ ಹೋಯಿತು, ಆಮೇಲೆ ಬಲಕ್ಕೆ ವಾಲಿ ಮನೆಮಠವಿಲ್ಲದ ಕಲ್ಲುಗುಡ್ಡದ ಕಡೆ ತಿರುಗಿತು. ಕಾವಲಿನ ಮೇಲೆ ಬರಲೇ ಇಲ್ಲ.

"ಇಷ್ಟೇನಾ?" ಎಂದ ರಂಗಜ್ಜ. "ಇಷ್ಟಕ್ಕೆ ನಾವು ದುರ್ಗಕ್ಕೆ ಹೋಗಿ ಬಂದ್ವಾ?"

ಕ್ಯಾಪ್ಟನ್ ಮುಖ ಒರೆಸಿಕೊಂಡು ಹೇಳಿದರು: "ಎಲ್ಲಾ ಕಡೆ ಎಡಕ್ಕೆ ತಿರುಗೋದೇ ರೂಢಿ ಅಜ್ಜ. ಹಾರಿಸೋನು ಎಡಗಡೆ ಸೀಟಲ್ಲಿ ಕೂರ್ತಾನೆ, ಆ ಕಡೆ ತಿರುಗಿದ್ರೆ ಅವನಿಗೆ ನೆಲ ಚೆನ್ನಾಗಿ ಕಾಣುತ್ತೆ. ಬಲಕ್ಕೂ ತಿರುಗಿಸಬಹುದು. ಇಲ್ಲಿ ಯಾರೂ ಯೋಚನೆ ಮಾಡಿರ್ಲಿಲ್ಲ."

"ನಮ್ಮ ಮಂದೇನ ಎಡಕ್ಕೂ ತಿರುಗಿಸ್ತೀವಿ, ಬಲಕ್ಕೂ ತಿರುಗಿಸ್ತೀವಿ. ನಿಮ್ಮ ಹುಡುಗ್ರನ್ನ ನಮ್ಮತ್ರ ಬಿಡ್ರಿ ಸಾಮಿ, ಕಲಿಸ್ತೀನಿ" ಎಂದ ರಂಗಜ್ಜ. ಕ್ಯಾಪ್ಟನ್ ಜೋರಾಗಿ ನಕ್ಕರು. ನನಗೆ ಆವತ್ತು ಅಳು ತಡೆಯಲಾಗಲಿಲ್ಲ. ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ, ಮನಸ್ಸು ಅಷ್ಟು ಹಗುರವಾಗಿತ್ತು. ನಾನು ಕೊಟ್ಟ ಅಂಕಿಯಿಂದ ಆಗದೆ ಇದ್ದದ್ದು ಹೇಗಾದರೂ ಆಯಿತಲ್ಲ.

ಬಾಯಿಮಾತಿನ ಕೆಲಸ ಕಾಗದದ ಮೇಲೂ ಬರಬೇಕಲ್ಲ. ಹೊಸದುರ್ಗದಲ್ಲಿ ಸಭೆ ನಡೆಯಿತು. ಸಾಹೇಬರು ವರದಿಯಲ್ಲಿ ಸರಾಸರಿ ಮಿತಿಯೊಳಗಿದೆ ಎಂಬುದನ್ನೂ ಬರೆದಿದ್ದರು, ಅದರ ಕೆಳಗೆ "ಇತರೆ" ಎಂಬಲ್ಲಿ ಕುರಿಗಳ ವಿಷಯವನ್ನೂ ತಮ್ಮ ಕೈಯಾರೆ ಬರೆದಿದ್ದರು. ಸಭೆಯಲ್ಲಿ ರಂಗಜ್ಜ ಎದ್ದು, ಕಂಬಳಿ ಹೊದಿಸಿದ್ದು ನಾವೇ, ಚಳಿ ಆಗ್ತಿತ್ತು ಅದಕ್ಕೆ ಎಂದು ಹೇಳಿದಾಗ ಇಡೀ ಹಾಲ್ ನಕ್ಕಿತು, ಸಾಹೇಬರೂ ನಕ್ಕರು. ವಿಮಾನಗಳು ಇನ್ನು ಮುಂದೆ ಬಲಕ್ಕೆ, ಗುಡ್ಡದ ಕಡೆಗೇ ತಿರುಗಬೇಕು ಎಂದು ತೀರ್ಮಾನವಾಯಿತು. ಹೆಚ್ಚಿನ ವಿಮಾನದ ಅರ್ಜಿಯನ್ನು ಶಾಲೆಯವರು ಸದ್ಯಕ್ಕೆ ಹಿಂದಕ್ಕೆ ತೆಗೆದುಕೊಂಡರು. ಕೋಣೆಯಲ್ಲಿ ಕೂತು ಕಲಿಯುವ ಯಂತ್ರ ತರಿಸಲೂ ಒಪ್ಪಿದರು.

ಸುಮಂಗಲ ಟೀಚರಿಗೆ ಇದು ಅರ್ಧ ಸಮಾಧಾನ ಮಾತ್ರ. ಸಭೆಯಿಂದ ಹೊರಗೆ ಬಂದು ಕೊಡೆ ಬಿಚ್ಚುತ್ತಾ, "ಸದ್ದನ್ನೇನೋ ಬಲಕ್ಕೆ ಕಳಿಸಿದ್ರಿ ಗಿರಿಜಮ್ಮ. ಹೊಗೆಗೆ ಎಡ ಬಲ ಇಲ್ಲ, ಅದು ಎಲ್ಲರ ತಲೆ ಮ್ಯಾಲೂ ಕೂರ್ತೈತೆ" ಎಂದರು. ಅವರು ಹೇಳುವುದು ನಿಜ. ಈಗಲೂ ಅದರ ಹಿಂದೆ ಬಿದ್ದಿದ್ದಾರೆ, ಹಾರುವ ಗಂಟೆ ಇನ್ನೂ ಕಡಿಮೆಯಾಗಲಿ ಎಂದು ಆಗಾಗ ಕ್ಯಾಪ್ಟನರನ್ನು ಪೀಡಿಸುತ್ತಾರೆ. ಬಿಡಬಾರದು ಕೂಡ. ನಮ್ಮ ಮೀಟರಿಗೆ ಹೊಗೆ ಕೇಳಿಸುವುದಿಲ್ಲ, ಅಂಥದ್ದನ್ನು ಬೆನ್ನು ಹತ್ತುವವರು ಊರಿಗೊಬ್ಬರಾದರೂ ಬೇಕು.

ಕುರಿಗಳು ಈಯುವ ಕಾಲ ಬಂತು. ರಂಗಜ್ಜ ಯಾರದೋ ಫೋನಿನಿಂದ, "ಅಕ್ಕೋರೆ, ಬಂದು ಹೋಗ್ರಿ" ಎಂದು ಕರೆದ. ಅಷ್ಟು ಬಿಟ್ಟು ಇನ್ನೇನೂ ಹೇಳಲಿಲ್ಲ. ನನಗೆ ದಿಗಿಲಾಯಿತು. ಬೆದರಿದ ಕುರಿಗಳು, ಮುಳ್ಳಿಗೆ ಬಿದ್ದ ಕುರಿ, ಏನಾಯಿತೋ ಏನೋ ಎಂದು ದಾರಿಯುದ್ದಕ್ಕೂ ದೇವರನ್ನು ನೆನೆಯುತ್ತಾ ಹೋದೆ. ಕಾವಲಿನಲ್ಲಿ ಖಾದರ್ ಸಾಬರ ಗಾಡಿ ನಿಂತಿದ್ದು ದೂರದಿಂದಲೇ ಕಂಡಿತು.

ಹತ್ತಿರ ಹೋದರೆ ಸಾಬರು ಗಾಡಿಗೆ ಒರಗಿ ಬೀಡಿ ಸೇದುತ್ತಿದ್ದಾರೆ. ಗಾಡಿ ಖಾಲಿ.

"ಬರ್ರಿ ಮೇಡಮ್ಮೋರೆ" ಎಂದರು. "ನಂಗೆ ಇಲ್ಲಿ ಇವತ್ತು ಯಾಪಾರ ಇಲ್ಲ. ಈ ಮುದುಕ ಬರೀ ಟೀ ಕುಡ್ಸಿ ಕಳಿಸ್ತಾನಂತೆ."

"ಟಗರು ಬಲಿತ ಮ್ಯಾಲೆ ಬಾರಪ್ಪ, ಕೊಡ್ತೀನಿ. ಹೆಣ್ಣು ಕುರಿ ಮುಟ್ಬ್ಯಾಡ" ಎಂದ ರಂಗಜ್ಜ. ಅವನ ಕಂಕುಳಲ್ಲಿ ಎರಡು ಮರಿ ಇದ್ದವು. ರೊಪ್ಪದ ತುಂಬ ಮರಿಗಳು, ಎಡವಿ ಬೀಳುವವು, ಎದ್ದು ಮತ್ತೆ ಬೀಳುವವು, ಯಾರದೋ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿ ಒದೆಸಿಕೊಳ್ಳುವವು. ಲಕ್ಕಮ್ಮ ನನ್ನ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು. ಮುಳ್ಳಿಗೆ ಬಿದ್ದಿದ್ದ ಕುರಿ ಆವತ್ತು ಬೆಳಿಗ್ಗೆಯಷ್ಟೇ ಈದಿತ್ತು. ಮರಿಯ ಮೈ ಇನ್ನೂ ಒದ್ದೆಯಿತ್ತು, ತಾಯಿ ಅದನ್ನು ನೆಕ್ಕುತ್ತಿತ್ತು.

ಅಷ್ಟರಲ್ಲಿ ವಿಮಾನದ ಸದ್ದು ಬಂತು. ನಾನು, ಲಕ್ಕಮ್ಮ, ರಂಗಜ್ಜ, ಸಾಬರು ನಾಲ್ವರೂ ಒಟ್ಟಿಗೆ ತಲೆಯೆತ್ತಿ ನೋಡಿದೆವು. ಅದು ದೂರ, ಕಲ್ಲುಗುಡ್ಡದ ಆಚೆ ಸುತ್ತುತ್ತಿತ್ತು.

ಕುರಿ ತಲೆ ಎತ್ತಲಿಲ್ಲ. ಮರಿಯ ಕಿವಿ ನೆಕ್ಕುತ್ತಲೇ ಇತ್ತು.